ಜಗಲಿಯ ಮೂಲ ಕಲ್ಲು

ಅವತ್ತು ಹೋದವರು ನಾವು ಮೂವರೇ. ಕಾಲೇಜಿನಲ್ಲಿ ಒಬ್ಬರನ್ನೊಬ್ಬರು ಊರಿನ ಹೆಸರಲ್ಲೇ ಕೂಗುತ್ತಿದ್ದೆವು, ಅರವತ್ತು ದಾಟಿದರೂ ಅದು ಹೋಗಿಲ್ಲ. ರೇಷ್ಮೆ ನೂಲು ತೆಗೆಯುವ ಸಾಬರ ಮನೆಯವನು ಶಿಡ್ಲಘಟ್ಟ, ಹೈಸ್ಕೂಲು ಮೇಷ್ಟ್ರಾಗಿ ರಿಟೈರಾದವನು ಚಿಂತಾಮಣಿ, ನಾನು ಮಂಡಿಕಲ್. ‘ಹಳೇ ಬ್ಲಾಕ್ ಕೆಡವ್ತಾರಂತೆ ಕಣೋ, ಒಂದ್ಸಲ ನೋಡ್ಕೊಂಡ್ ಬರಣ’ ಅಂತ ಫೋನು ಮಾಡಿ ಹೊರಡಿಸಿದವನು ಚಿಂತಾಮಣಿ. ಚಿಕ್ಕಬಳ್ಳಾಪುರದಲ್ಲಿ ಆಟೋ ಇಳಿದಾಗ ಬಿಸಿಲು ನೆತ್ತಿಗೇರಿತ್ತು. ನನ್ನ ಮಂಡಿಗೆ ಕಾಲೇಜಿನ ಗೇಟಿನಿಂದ ಒಳಗೆ ನಡೆಯುವುದೇ ಒಂದು ಪ್ರಯಾಣ.

ಗೇಟು ಅಂದೆನಲ್ಲ, ನಮ್ಮ ಕಾಲಕ್ಕೆ ಗೇಟೇ ಇರಲಿಲ್ಲ. ಎರಡು ಕಲ್ಲುಕಂಬ, ದನ ನುಗ್ಗದ ಹಾಗೆ ಅಡ್ಡಕ್ಕೊಂದು ಬಿದಿರ ಗಳು, ಅಷ್ಟೆ. ಈಗ ದೊಡ್ಡ ಕಮಾನು, ಕಾವಲಿನವನು, ಅವನ ಮುಂದೆ ಒಂದು ಪುಸ್ತಕ.

‘ಏನು ಪರ್ಪಸ್ ಸರ್?’ ಅಂದ.

‘ಅಟೆಂಡೆನ್ಸ್ ಶಾರ್ಟೇಜು ಕಣಪ್ಪ, ನಲವತ್ತು ವರ್ಷದ್ದು’ ಅಂದ ಶಿಡ್ಲಘಟ್ಟ.

ಕಾವಲಿನವನು ನಗಲಿಲ್ಲ. ಅದನ್ನೇ ಬರೆದುಕೊಂಡ.

ಒಳಗೆ ಗಾಜಿನ ಮುಖದ ಮೂರಂತಸ್ತು ಎದ್ದಿತ್ತು. ಓದುವಾಗ ನಾವು ಹಳೇ ಬ್ಲಾಕಿನ ಜಗಲಿಯಲ್ಲಿ ನಿಂತು, ನಂದಿ ಬೆಟ್ಟದ ಮೇಲೆ ಮೋಡ ಎಷ್ಟು ಇಳಿದಿದೆ ನೋಡಿ, ಕೊನೇ ಪೀರಿಯಡ್ಡು ಬಿಟ್ಟು ಓಡಬೇಕೋ ಬೇಡವೋ ತೀರ್ಮಾನ ಮಾಡುತ್ತಿದ್ದೆವು. ಈಗ ಬೆಟ್ಟದ ಜಾಗದಲ್ಲಿ ಏಸಿ ಡಬ್ಬಗಳ ಸಾಲು. ನೆಲಕ್ಕೆಲ್ಲ ನುಣುಪು ಟೈಲ್ಸು, ನಾನು ಶಿಡ್ಲಘಟ್ಟದ ತೋಳು ಹಿಡಿದೇ ನಡೆದೆ. ಚೆನ್ನಾಗಿಲ್ಲ ಅಂತಲ್ಲ. ಮಕ್ಕಳು ಲಿಫ್ಟಿನಲ್ಲಿ ನಗುತ್ತ ಹೋಗುತ್ತಿದ್ದವು. ನಮಗೆ ಯಾಕೋ ಸುಸ್ತು.

ಹಳೇ ಬ್ಲಾಕು ಹಿಂದುಗಡೆ. ಒರಟು ಕಲ್ಲಿನ ಗೋಡೆ, ಮೇಲೆ ಚಪ್ಪಡಿ ಹಾಸಿದ ತಾರಸಿ. ಬಾಗಿಲು ಕಿಟಕಿ ಆಗಲೇ ಕಿತ್ತಿದ್ದರು. ಕಾಲಿಟ್ಟರೆ ಮಾತ್ರ ಅದೇ ತಂಪು. ಜಗಲಿಯ ಕೊನೆಯಲ್ಲಿ ಎರಡು ಗೋಡೆ ಕೂಡುವ ಕಡೆ, ಕೂರಲು ಹದವಾಗಿ ಮುಂದಕ್ಕೆ ಚಾಚಿದ ಒಂದು ದಪ್ಪ ಕಲ್ಲು. ಅದರ ತಲೆಯ ಮೇಲೆ, ಬೆರಳು ಅರೆ ಮಡಚಿದ ಅಂಗೈಯಂಥ ಒಂದು ಕೆತ್ತನೆ. ನಮ್ಮ ಮೂವರ ಜಾಗ ಅದೇ. ಹುರಿದ ಹುಣಸೇಬೀಜ ಆ ಕಲ್ಲಿನ ಮೇಲೆ ಜಜ್ಜಿ ಎಷ್ಟು ತಿಂದಿದ್ದೇವೋ.

ಚಿಂತಾಮಣಿ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ಪಂಚೆಯ ತುದಿಯಿಂದ ಧೂಳು ಒರೆಸಿದ.

‘ಇದು ನಮ್ಮಪ್ಪನ್ದು ಕಣೋ’ ಅಂದ.

‘ಯಾವ್ದು?’

‘ಈ ರಾಗಿ ತೆನೆ. ಅಪ್ಪ ಕಲ್ಲು ಕೆಲಸದೋನು. ಈ ಗೋಡೆ ಎಬ್ಬಿಸಿದ್ದು ಅವನೇ. ಅಕ್ಷರ ಬರ್ತಿರ್ಲಿಲ್ಲ, ಕೆಲಸ ಮುಗಿದ ಕಡೆ ಒಂದು ತೆನೆ ಕೆತ್ತೋನು. ಅದೇ ಅವನ ರುಜು.’

ನನ್ನ ಕಡೆ ತಿರುಗಿ ಮುಂದುವರಿಸಿದ: ‘ಇದನ್ನ ಯಾರು ಕೆತ್ತಿದ್ದು ಅಂತ ನೀನು ಒಂದಿನ ಕೇಳಿದ್ದೆ. ಯಾರೋ ಕೂಲಿಯೋನು ಅಂದುಬಿಟ್ಟೆ. ಅಪ್ಪ ಇದ್ದಷ್ಟು ದಿನ ಅವನನ್ನ ಇಲ್ಲಿಗೆ ಕರ್ಕೊಂಡು ಬರಲಿಲ್ಲ. ಈ ಕಲ್ಲಾದ್ರೂ ಮನೆ ಬಾಗಿಲಿಗೆ ಒಯ್ತೀನಿ.’

‘ಮೂರು ವರ್ಷ ಅದರ ಮೇಲೆ ಕೂತು ಪ್ಯಾಂಟು ಸವೆಸಿದೀನಲ್ಲೋ’ ಅಂದ ಶಿಡ್ಲಘಟ್ಟ. ‘ಹೇಳಿದ್ರೆ ಒಂದು ಟವೆಲ್ಲಾದ್ರೂ ಹಾಸ್ಕೋತಿದ್ದೆ.’ ಹಾಸ್ಯಕ್ಕೇ ಅಂದದ್ದು, ದನಿ ಮಾತ್ರ ಮೆತ್ತಗಾಗಿತ್ತು.

ಕೆಡವುವ ಕೆಲಸದ ಮೇಸ್ತ್ರಿ ಗೇಟಿನ ಹತ್ತಿರ ತಗಡಿನ ಶೆಡ್ಡಿನಲ್ಲಿದ್ದ. ಗದಗಿನ ಕಡೆಯವನು, ತಾಳ್ಮೆಯ ಮನುಷ್ಯ. ಚಿಂತಾಮಣಿ ಅವನಿಗೆ, ‘ಜಗಲೀಲಿ ಕೆತ್ತನೆ ಇರೋ ಮೂಲ ಕಲ್ಲು ಇದೆಯಲ್ಲಪ್ಪ, ಅದೊಂದು ಒಡೀದಂಗೆ ತೆಗೆದಿಡು’ ಅಂದ.

‘ಮೂಲ ಕಲ್ಲ ಅಲ್ರೀ? ಆತ್ರೀ, ಜ್ವಾಪಾನ ಇಡ್ತೀನಿ.’

‘ಬಾ, ತೋರಿಸಿಬಿಡ್ತೀನಿ’ ಅಂತ ಚಿಂತಾಮಣಿ ಎದ್ದ. ನಾನಾಗಲೇ ಹೊಂಗೇಮರದ ಕೆಳಗೆ ಕಾಲು ಚಾಚಿದ್ದೆ. ಅವನು ಅಷ್ಟು ದೂರ ಹೋಗಿಬರುವವರೆಗೆ ಕಾಯುವ ಶಕ್ತಿ ನನಗಿರಲಿಲ್ಲ. ‘ಇರೋದು ಒಂದು ಮೂಲ ಕಲ್ಲು, ಅವನಿಗೆ ಗೊತ್ತಾಗಲ್ವೇನೋ? ಮೂರು ಗಂಟೆ ಬಸ್ಸು ತಪ್ಪುತ್ತೆ, ನಡಿ’ ಅಂದೆ. ಅವನು ಒಂದು ಗಳಿಗೆ ನಿಂತು, ನಮ್ಮ ಜೊತೆ ಬಂದುಬಿಟ್ಟ.

ಹತ್ತು ದಿನಕ್ಕೆ ಮೇಸ್ತ್ರಿ ಫೋನು ಮಾಡಿದ. ಮತ್ತೆ ಮೂವರೂ ಹೋದೆವು. ಹಳೇ ಬ್ಲಾಕು ಇರಲಿಲ್ಲ. ಶೆಡ್ಡಿನಲ್ಲಿ ಕಲ್ಲನ್ನು ಗೋಣಿಯಲ್ಲಿ ಸುತ್ತಿ, ಹಗ್ಗ ಬಿಗಿದು, ಮಗುವನ್ನು ಮಲಗಿಸಿದ ಹಾಗೆ ಇಟ್ಟಿದ್ದ. ಬಿಚ್ಚಿದರೆ ಶಂಕುಸ್ಥಾಪನೆಯ ಫಲಕ, ಅದೂ ಜಗಲಿಯ ಗೋಡೆಯದೇ. ತುಂಬ ದೊಡ್ಡವರ ಹೆಸರುಗಳು, ಬಿರುದುಗಳು, ಒಂದಕ್ಷರ ಮುಕ್ಕಾಗಿಲ್ಲ.

ನಮ್ಮ ಸೀಮೆಯಲ್ಲಿ ಅರ್ಧ ತೆಲುಗು. ತೆಲುಗಿನಲ್ಲಿ ಮೂಲೆಗೆ ಮೂಲ ಅನ್ನುತ್ತಾರೆ. ನಮ್ಮಜ್ಜಿಯೂ ‘ಪೊರಕೆ ಆ ಮೂಲದಲ್ಲಿಡು’ ಅನ್ನೋಳು. ಆ ಮಾತು ಹೊರಗಿನವರಿಗೆ ಬೇರೆಯಾಗಿ ಕೇಳುತ್ತೆ ಅಂತ ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

‘ಮೂಲ ಕಲ್ಲ ಅಂದ್ರಲ್ರೀ, ಕಟ್ಟಡದ ಮೂಲ ಇದ ಅಲ್ರೀ?’ ಅಂದ ಮೇಸ್ತ್ರಿ. ವಿಷಯ ತಿಳಿಸಿದಾಗ ಅವನ ಮುಖ ಸಣ್ಣದಾಯಿತು. ‘ಮೂಲಿ ಕಲ್ಲೇನ್ರೀ? ಅದನ್ನ ಒಡದು ಹೊಸಾ ಪಾಯಾದಾಗ ಹಾಕೀವ್ರೀ.’

ಪಾಯದ ಗುಂಡಿ ಪಕ್ಕದಲ್ಲೇ ಇತ್ತು. ಇಣುಕಿದೆವು. ಎಲ್ಲ ಒಂದೇ ಥರದ ಕಲ್ಲಿನ ಚೂರುಗಳು.

‘ನನ್ನಿಂದಾಯ್ತು ಕಣೋ’ ಅಂದೆ.

‘ಬಿಡೋ, ಬಸ್ಸು ಸಿಕ್ತಲ್ಲ’ ಅಂದ ಚಿಂತಾಮಣಿ. ಬೈದಿದ್ದರೆ ವಾಸಿಯಿತ್ತು.

ಫಲಕವನ್ನು ಕಾಲೇಜಿನ ಆಫೀಸಿಗೆ ಒಪ್ಪಿಸಿ ಬಂದೆವು.

ಮುಂದಿನ ವಾರ ಪಾಯಕ್ಕೆ ಕಾಂಕ್ರೀಟು ಹಾಕಿದರು. ಚಿಂತಾಮಣಿ ನಮಗಿಬ್ಬರಿಗೂ ಹೇಳದೆ ಬೆಳಗಿನ ಬಸ್ಸಿಗೆ ಬಂದು, ಗುಂಡಿಯ ಅಂಚಿನಲ್ಲಿ ಕೊಡೆ ಹಿಡಿದು ನಿಂತಿದ್ದನಂತೆ. ಮೂರು ಗಂಟೆ ಬಸ್ಸು ಬಿಟ್ಟು, ಕೊನೇ ಬಾಂಡಲಿ ಬೀಳುವವರೆಗೂ ಇದ್ದು, ಸಂಜೆ ಬಸ್ಸಿಗೆ ಊರಿಗೆ ಹೋದ ಅಂತ ಮೇಸ್ತ್ರಿ ಹೇಳಿದ.