ಹೂವೇಗೌಡರು ಹಾಕಿದ ಒಂದೇ ಸಹಿ

ಎದುರಿಗೆ ಯಾರಾದರೂ ಕಾಗದ ಬಿಚ್ಚಿದರೆ ಸಾಕು, ಹೂವೇಗೌಡರ ಎರಡೂ ಕೈಗಳು ತಾವಾಗಿ ಬೆನ್ನ ಹಿಂದೆ ಹೋಗುತ್ತಿದ್ದವು. ಮದುವೆಗೆ ಕರೆಯಲು ಬಂದವರು ಲಗ್ನಪತ್ರಿಕೆ ನೀಡಿದರೂ ಅಷ್ಟೇ. "ಅಲ್ಲೇ ಜಗಲಿ ಮೇಲಿಡು ಮಾರಾಯ, ಆಮೇಲೆ ಓದ್ತೀನಿ" ಎನ್ನುತ್ತಿದ್ದರು. ಕಳಸದ ಹತ್ತಿರದ ನಮ್ಮೂರಿನಲ್ಲಿ ಯಾರ ಸಾಲಕ್ಕೂ ಜಾಮೀನು ನಿಲ್ಲದ ಗಂಡಸು ಅವರೊಬ್ಬರೇ. ಬೆನ್ನ ಹಿಂದೆ ನಾವೆಲ್ಲ ಅವರನ್ನು ಜಿಪುಣ ಎಂದು ನಗುತ್ತಿದ್ದೆವು.

ಆಗ ನಗುವ ಕಾಲವೇ ಆಗಿತ್ತು. ತೊಂಬತ್ತರ ದಶಕದ ನಡುವೆ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಅಲ್ಲಿನ ಬೆಳೆ ಸುಟ್ಟು ಇಲ್ಲಿ ಕಾಫಿ ಬೆಲೆ ಏರಿತು. ನಾಲ್ಕೆಕರೆಯವನೂ ತನ್ನನ್ನು ಪ್ಲಾಂಟರ್ ಎಂದುಕೊಂಡ. ಜೀಪಿಗೆ ಸಾಲ, ಆರ್‌ಸಿಸಿ ಮನೆಗೆ ಸಾಲ. ಹೂಮಳೆ ಬಿದ್ದು, ಕಾಫಿ ಹೂವರಳಿ ತೋಟವೆಲ್ಲ ಬೆಳ್ಳಗಾದ ವಾರವೇ ಸೊಸೈಟಿಯಲ್ಲಿ ಸಾಲಕ್ಕೆ ನೂಕುನುಗ್ಗಲು. ಕಾಯಿ ಕಟ್ಟುವವರೆಗೆ ಕಾಯುವ ತಾಳ್ಮೆ ಯಾರಿಗಿತ್ತು? ನೀನು ನನಗೆ ಜಾಮೀನು, ನಾನು ನಿನಗೆ. ಹೋಟೆಲಿನಲ್ಲಿ ತಿಂಡಿ ತಿಂದು, ಕೈ ತೊಳೆದುಕೊಂಡು ಸಹಿ ಹಾಕುತ್ತಿದ್ದೆವು. ಎಷ್ಟಕ್ಕೆ ಎಂದು ಓದುತ್ತಿರಲಿಲ್ಲ. ಓದಿದರೆ ಎದುರಿನವನಿಗೆ ಅವಮಾನ.

ಹೂವೇಗೌಡರು ಅದೇ ಹೋಟೆಲಿನಲ್ಲಿ ಬಜೆಟ್ಟಿನ ಮರುದಿನ ಪೇಪರು ಹಿಡಿದು ಕೂರುತ್ತಿದ್ದರು. "ಸರ್ಕಾರನೇ ಸಾಲ ಮಾಡ್ತದೆ, ನಾವು ಮಾಡಿದ್ರೆ ತಪ್ಪಾ ಹೂವಣ್ಣ?" ಎಂದು ಒಮ್ಮೆ ಕೆಣಕಿದೆ.

"ಮಾಡ್ತದೆ. ಅದಕ್ಕೆ ಜಾಮೀನು ಯಾರು ಹೇಳು?"

ಪೇಪರು ಮಡಚಿ ತಾವೇ ಹೇಳಿದರು.

"ತೊಟ್ಟಿಲಲ್ಲಿರೋ ಕೂಸು ಕಣೋ. ಅದು ನಿದ್ದೆಲಿದ್ದಾಗ ಹೆಬ್ಬೆಟ್ಟು ಒತ್ತಿಸ್ಕೊಂಡಿದಾರೆ. ಎದ್ದ ಮೇಲೆ ಕಟ್ಬೇಕಾದ್ದು ಅದೇ."

ಹೋಟೆಲಿಗೆ ಹೋಟೆಲೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ಅವರಿಗಿದ್ದದ್ದು ಎರಡೆಕರೆ ತೋಟ, ಅದರ ಕೆಳಗೊಂದು ಗದ್ದೆ. ಒಬ್ಬಳೇ ಮಗಳು ಸುಮಿತ್ರ ಗಂಡನನ್ನು ಬಿಟ್ಟು ಮನೆಗೆ ಬಂದಿದ್ದಳು. "ತೋಟ ಏನಾದ್ರೂ ಆಗ್ಲಿ, ಗದ್ದೆ ಅವಳದ್ದು. ಅನ್ನಕ್ಕೆ ಅವಳು ಯಾರ ಬಾಗಿಲಿಗೂ ಹೋಗ್ಬಾರ್ದು" ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದರು.

ಅಂಥವರಿಂದ ನಾನು ಸಹಿ ಹಾಕಿಸಿದೆ. ಪಕ್ಕದ ತೋಟವನ್ನು ಕೊಳ್ಳುವ ಹುಚ್ಚು ನನಗೆ. ಅದರ ಸಾಲಕ್ಕೆ ಒಬ್ಬ ಜಾಮೀನುದಾರ ಕಡಿಮೆ ಬಿದ್ದಿದ್ದ. ಬೇಕೆಂದೇ ಊಟದ ಹೊತ್ತಿಗೆ ಹೋದೆ. ಅವರ ಹೆಂಡತಿ ಗಂಗಮ್ಮ ಎಲೆ ಹಾಕಿ ಕಡುಬು, ಕೋಳಿಸಾರು ಬಡಿಸಿದರು. ನಾನು ಕೈಕಟ್ಟಿ ಕೂತೆ.

"ನೀವು ಸಹಿ ಹಾಕ್ದೆ ನಾನು ಎಲೆ ಮುಟ್ಟಲ್ಲ ಹೂವಣ್ಣ."

ಮನೆಗೆ ಬಂದವನು ಬಡಿಸಿದ ಎಲೆಯ ಮುಂದಿನಿಂದ ಹಸಿದು ಎದ್ದರೆ ಆ ಮನೆಗೆ ಕೇಡು ಎನ್ನುವವರು ನಾವು. ಅದು ಗೊತ್ತಿದ್ದೇ ಕೂತಿದ್ದೆ. ಕಡುಬು ಆರಿತು. ಸೌಟು ಹಿಡಿದು ನಿಂತಿದ್ದ ಗಂಗಮ್ಮನ ಕಣ್ಣಲ್ಲಿ ನೀರು ಬಂತು. ಹೂವೇಗೌಡರು ನನ್ನನ್ನು ನೋಡಲಿಲ್ಲ, ಹೆಂಡತಿಯನ್ನು ನೋಡಿದರು. "ತಾ ಆ ಕಾಗದಾನ" ಎಂದು ನನಗೆ ಹೇಳಿದರು. ಸಹಿ ಹಾಕಿ, "ಉಣ್ಣು ಈಗ" ಎಂದರು. ನಾಚಿಕೆಗೆಟ್ಟವನು, ಎರಡು ಸಲ ಸಾರು ಹಾಕಿಸಿಕೊಂಡು ಉಂಡೆ.

ಎರಡು ಸಾವಿರದ ಇಸವಿಯ ಹೊತ್ತಿಗೆ ಕಾಫಿ ಬೆಲೆ ನೆಲ ಕಚ್ಚಿತು. ಹಣ್ಣು ಕೊಯ್ಯಿಸಿದ ಕೂಲಿಯೂ ಹುಟ್ಟಲಿಲ್ಲ. "ಯಾರೂ ಕಟ್ಬೇಡಿ, ಮನ್ನಾ ಆಗ್ತದೆ" ಎಂದು ಭಾಷಣ ಮಾಡಿದವರನ್ನು ನಂಬಿದೆ. ಸುಳ್ಳೇಕೆ, ನಂಬುವುದು ಲಾಭವಾಗಿತ್ತು. ಮೆಣಸು ಮಾರಿದ ದುಡ್ಡು ಕೈಯಲ್ಲಿದ್ದಾಗಲೂ ಕಟ್ಟಲಿಲ್ಲ. ನೋಟೀಸು ಜಾಮೀನುದಾರರಿಗೆ ಹೋಯಿತು. ಇನ್ನೊಬ್ಬ ಜಾಮೀನುದಾರನಿಗೆ ತನ್ನ ಸಾಲವೇ ಕುತ್ತಿಗೆಗೆ ಬಂದಿತ್ತು. ಹೂವೇಗೌಡರ ಹತ್ತಿರ ಹೋಗಿ, "ಸ್ವಲ್ಪ ತಡೀರಿ, ಮನ್ನಾ ಆಗೇ ಆಗ್ತದೆ" ಎಂದೆ.

"ಆಗ್ಬೋದು. ಆ ದುಡ್ಡು ಸರ್ಕಾರ ಎಲ್ಲಿಂದ ತರ್ತದೆ? ಇನ್ನೊಂದು ಸಾಲ ಮಾಡಿ ತಾನೇ? ನಿನ್ನ ತೋಟಕ್ಕೆ ಯಾರದೋ ಮನೆ ಕೂಸು ಯಾಕೆ ಕಟ್ಬೇಕು? ಸಹಿ ಹಾಕ್ದೋನು ನಾನು."

ಆ ಬೇಸಿಗೆಯಲ್ಲಿ ಗದ್ದೆ ಮಾರಿ ಬಡ್ಡಿಸಮೇತ ಕಟ್ಟಿದರು.

ವರ್ಷ ಕಳೆದು ಮನ್ನಾ ಬಂದೇ ಬಂತು, ಬಾಕಿ ಉಳಿಸಿಕೊಂಡವರಿಗೆ ಮಾತ್ರ. ಕಟ್ಟಿ ಮುಗಿಸಿದವರಿಗೆ ಏನೂ ಇಲ್ಲ. "ಪಾಪ, ಗೌಡ್ರು ಅವಸರ ಮಾಡಿದ್ರು" ಎಂದು ಊರು ಕನಿಕರಿಸಿತು. ನಾನೂ ತಲೆಯಾಡಿಸಿದೆ. ಕೊಂಡ ತೋಟ ನನ್ನಲ್ಲೇ ಉಳಿಯಿತು. ಹೂವೇಗೌಡರು ಕಟ್ಟಿದ ದುಡ್ಡನ್ನು ಮುಂದಿನ ಫಸಲಿಗೆ ಕೊಡುತ್ತೇನೆ ಎಂದಿದ್ದೆ. ಎಷ್ಟೋ ಫಸಲು ಬಂದವು. ಅವರು ಒಂದು ದಿನವೂ ಕೇಳಲಿಲ್ಲ. ಕೇಳದವರಿಗೆ ಕೊಡುವುದು ನನ್ನ ಜಾಯಮಾನವಲ್ಲ. ಸುಮಿತ್ರ ಊರವರ ತೋಟಗಳಿಗೆ ಹಣ್ಣು ಕೊಯ್ಯಲು ಹೋಗತೊಡಗಿದಳು. ನನ್ನ ತೋಟಕ್ಕೂ ಬಂದಳು.

ಹೂವೇಗೌಡರು ತೀರಿಕೊಳ್ಳುವ ಒಂದು ತಿಂಗಳು ಮುಂಚೆ ಕಳಸದ ಜೀಪ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದರು. ಬಹಳ ಇಳಿದುಹೋಗಿದ್ದರು. ಹೆಗಲ ಮೇಲೆ ಅಂಗಡಿಯ ಅಕ್ಕಿಚೀಲ. ಗದ್ದೆ ಇದ್ದಷ್ಟು ಕಾಲ ಆ ಮನೆಗೆ ಅಂಗಡಿಯ ಅಕ್ಕಿ ಬಂದದ್ದನ್ನು ನಾನು ಕಂಡಿರಲಿಲ್ಲ. ಜೀಪಿಗೆ ಹತ್ತಲು ಅವರು ಒದ್ದಾಡುವುದನ್ನು ನೋಡಲಾರದೆ, "ಕೊಡಿ ಹೂವಣ್ಣ, ನಾನು ಹಿಡ್ಕೊಳ್ತೀನಿ" ಎಂದು ಕೈ ಚಾಚಿದೆ.

ಅವರು ಚೀಲವನ್ನು ಇನ್ನೊಂದು ಹೆಗಲಿಗೆ ದಾಟಿಸಿಕೊಂಡರು.

"ಇರ್ಲಿ ಬಿಡು ಮಾರಾಯ, ಇದೇನು ಭಾರ."