ಹತ್ತು ಸುತ್ತಿನ ಶಿಕ್ಷೆ

ಕಚೇರಿಗೆ ಬಂದ ಕೊನೆಯ ದಿನವೂ ನಮ್ಮ ಮೇಲಧಿಕಾರಿ ನನ್ನ ರಜೆಯ ಅರ್ಜಿಯಲ್ಲಿ ತಪ್ಪು ಹುಡುಕಿ, "ನಿಯಮದ ಕಲಂ ಓದಿ ಮಾತಾಡು ಮಾರಾಯ್ತಿ" ಎಂದು ನಕ್ಕಿದ್ದರು. ಮರುದಿನ ಬೆಳಿಗ್ಗೆ ಅವರ ಹೃದಯ ನಿಂತಿತು.

ಅವರು ಉಡುಪಿಯವರು. ಅಬುಧಾಬಿಯ ನಮ್ಮ ಫುಟ್‌ಬಾಲ್ ಕ್ಲಬ್ಬಿನಲ್ಲಿ ಆಟಗಾರರ ಕರಾರು ನೋಡಿಕೊಳ್ಳುತ್ತಿದ್ದರು. ಮಾತು ಕೇಳದ ಆಟಗಾರನಿಗೆ ನೋಟಿಸು ಕೊಡುವಾಗಲೂ ಮದುವೆಯ ಕಾಗದದಂತೆ ಎರಡೂ ಕೈಯಲ್ಲಿ ನೀಡುತ್ತಿದ್ದರು.

ಒಮ್ಮೆ ಕೋಚ್ ಜೊತೆ ಜಗಳವಾಡಿದ ಸ್ಟ್ರೈಕರ್‌ಗೆ ಕರಾರಿನ ಪ್ರಕಾರ ಒಂಟಿ ತರಬೇತಿಯ ಶಿಕ್ಷೆಯಾಯಿತು. ದಿನಕ್ಕೆ ಮೈದಾನದ ಸುತ್ತ ಹತ್ತು ಸುತ್ತು ಓಡಬೇಕು. ಓಡದಿದ್ದರೆ ಕರಾರು ರದ್ದು, ಜೊತೆಗೆ ವೀಸಾ ಕೂಡ. ಹಾಜರಿ ಬರೆಯಲು ಇವರು ಟೈ ಕಟ್ಟಿ, ಕೊಡೆ ಹಿಡಿದು, ನನ್ನನ್ನೂ ಕರೆದುಕೊಂಡು ಮೈದಾನಕ್ಕೆ ಹೋದರು.

"ನಾನು ಓಡಲ್ಲ. ಬೇಕಾದರೆ ನೀನೇ ಓಡು" ಎಂದು ಸ್ಟ್ರೈಕರ್ ಹುಲ್ಲಿನ ಮೇಲೆ ಕೂತುಬಿಟ್ಟ.

"ನಾನು ಓಡಬಾರದು ಅಂತ ಯಾವ ಕಲಮಿನಲ್ಲೂ ಇಲ್ಲ ಬಾಸ್" ಎಂದು ಇವರು ಕೊಡೆಯನ್ನು ಅವನ ಕೈಗಿತ್ತು ಓಡತೊಡಗಿದರು. ಹೊಟ್ಟೆ ಮುಂದೆ, ಟೈ ಹೆಗಲ ಮೇಲೆ. ಅರ್ಧ ಸುತ್ತಿಗೇ ಏದುಸಿರು.

"ಖಲಾಸ್, ಸಾಕು ಹಬೀಬಿ! ಸತ್ತುಹೋಗ್ತೀಯ!" ಸ್ಟ್ರೈಕರ್ ಕೊಡೆ ಹಿಡಿದೇ ಬೆನ್ನಟ್ಟಿದ.

"ಯಲ್ಲಾ, ನಡಿ ನಡಿ, ಇನ್ನು ಒಂಬತ್ತೂವರೆ!" ಎಂದರು ಇವರು, ನಿಲ್ಲದೆ. ಕೊನೆಗೆ ಇವರು ಕೂತರು, ನಗುತ್ತಲೇ ಅವನು ಹತ್ತನ್ನೂ ಮುಗಿಸಿದ.

"ಓಡಿದ ಅಂತ ಬರಿ" ಎಂದರು ನನಗೆ. "ಯಾಕೆ ಓಡಿದ ಅಂತ ಬರೆಯಲಿಕ್ಕೆ ಕಲಂ ಇಲ್ಲ ಮಾರಾಯ್ತಿ."

ಈಗ ನೋಟಿಸು ಇಮೇಲಿನಲ್ಲಿ ಹೋಗುತ್ತದೆ. ಹೋದ ತಿಂಗಳು ಒಬ್ಬ ಗೋಲ್‌ಕೀಪರ್ ಹೀಗೆಯೇ ಓಡಲ್ಲ ಎಂದು ಹಟ ಹಿಡಿದು ಮೂರು ದಿನ ಕೂತ, ನಾಲ್ಕನೆಯ ದಿನ ಅವನ ಕರಾರು ರದ್ದಾಯಿತು. ಅವನಿಗಿಂತ ಮೊದಲು ತಾವೇ ಓಡಿಬಿಡುವವರು ನಮ್ಮ ಕಚೇರಿಯಲ್ಲಿ ಈಗ ಯಾರೂ ಇಲ್ಲ.