ಸೊನ್ನೆ ನಂಬರಿನ ಚೀಟಿ

ಸಾರಿಗೆ ಉಪ್ಪು ಹೆಚ್ಚಾದರೆ ಇವತ್ತಿಗೂ ನನ್ನ ಎಡಗೈಯ ಎರಡು ಬೆರಳು ತಾವಾಗಿಯೇ ಅಲುಗುತ್ತವೆ. ಕಂಪ್ಯೂಟರಿನಲ್ಲಿ ಮಾಡಿದ ತಪ್ಪನ್ನು ವಾಪಸು ತೆಗೆದುಕೊಳ್ಳಲು ಒತ್ತುವ ಆ ಎರಡು ಕೀಗಳನ್ನು ಅವು ಸೌಟಿನ ಹಿಡಿಯ ಮೇಲೆ ಹುಡುಕುತ್ತವೆ. ಅಡುಗೆಮನೆಯಲ್ಲಿ ಆ ಸೌಕರ್ಯ ಇಲ್ಲವಲ್ಲ ಎಂಬುದು ನನ್ನ ಬಹುಕಾಲದ ತಕರಾರು. ಅತ್ತೆ ಇದ್ದಾಗ ಇತ್ತು. ಅವರು ಮಾತಾಡದೆ ಬಂದು ಎರಡು ಬಟಾಟೆ ಹೆಚ್ಚಿ ಹಾಕಿ ಸಮ ಮಾಡಿ ಹೋಗುತ್ತಿದ್ದರು.

ನಾನು ಪ್ರೋಗ್ರಾಮ್ ಬರೆಯಲು ಕಲಿತದ್ದು ತೊಂಬತ್ತರ ದಶಕದ ಕೊನೆಗೆ, ಕುಂದಾಪುರದಲ್ಲಿ ಬಟ್ಟೆ ಅಂಗಡಿಯ ಮಹಡಿಯ ಮೇಲಿದ್ದ ಒಂದು ಕಂಪ್ಯೂಟರ್ ಸೆಂಟರಿನಲ್ಲಿ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಿತ್ತು. ಎ.ಸಿ. ಇದ್ದದ್ದು ಯಂತ್ರಕ್ಕೆ, ನಾವು ಅದರ ಋಣದಲ್ಲಿ ತಂಪಾಗುತ್ತಿದ್ದೆವು. ಅಲ್ಲಿನ ಮಾಸ್ತರರು ಒಂದು ಮಾತು ಹೇಳಿಕೊಟ್ಟಿದ್ದರು: ತಪ್ಪು ಎಲ್ಲಿದೆ ಎಂದು ಸಿಗದಿದ್ದರೆ ಇಡೀ ಪ್ರೋಗ್ರಾಮನ್ನು ಯಾರಿಗಾದರೂ ಮೊದಲಿನಿಂದ ಬಾಯಿಬಿಟ್ಟು ವಿವರಿಸಿ, ಕೇಳುವವರಿಗೆ ಅರ್ಥವಾಗಲೇಬೇಕೆಂದಿಲ್ಲ, ಹೇಳುತ್ತಾ ಹೇಳುತ್ತಾ ನಿಮಗೇ ಸಿಗುತ್ತದೆ ಎಂದು.

ಮದುವೆಯಾಗಿ ಗಂಡನ ಊರಾದ ನಾವುಂದಕ್ಕೆ ಬಂದಾಗ ನನ್ನ ಕಂಪ್ಯೂಟರೂ ನನ್ನ ಜೊತೆ ಬಂತು. ಜಗಲಿಯ ಮೂಲೆಯಲ್ಲಿ ಅದಕ್ಕೆ ಜಾಗ ಸಿಕ್ಕಿತು. ವಿವರಿಸಲು ಆ ಮನೆಯಲ್ಲಿ ಬಿಡುವಾಗಿ ಸಿಗುತ್ತಿದ್ದವರು ಅತ್ತೆ ಒಬ್ಬರೇ, ಅದೂ ಮೀನು ಹೆರೆಯುವಾಗ.

"ಕೇಣಿ ಅತ್ತೆ. ಹೀಂಗಿದ್ರೆ ಇದ್ ಮಾಡುದ್. ಇಲ್ದಿರೆ ಅದ್ ಮಾಡುದ್. ಎರಡೂ ಅಲ್ದಿರೆ ಸುಮ್ನೆ ಇಪ್ಪುದ್."

"ಹ್ಞಂ. ನಿನ್ ಮಾವನ ಹಾಂಗೇ ಇತ್ತಲೆ," ಎಂದರು ಅತ್ತೆ, ಕತ್ತಿಯಿಂದ ತಲೆ ಎತ್ತದೆ. "ಮತ್ತೆ?"

ಆ "ಮತ್ತೆ?" ಎಂಬ ಒಂದು ಮಾತಿಗೆ ನನ್ನ ಎಷ್ಟೋ ತಪ್ಪುಗಳು ಬಾಲ ಮುದುರಿಕೊಂಡು ಹೊರಗೆ ಬಂದಿವೆ. ಹಾಗಂತ ನಾನು ಮಾಡುವುದು ಕೆಲಸ ಎಂದು ಅವರು ಒಪ್ಪಿದ್ದರೆಂದುಕೊಳ್ಳಬೇಡಿ. ನೆರೆಮನೆಯವರು ಕೇಳಿದರೆ, "ಎಂತ ಇಲ್ಲೆ, ಟೀವಿ ಎದ್ರ್ ಕೂಕಂಡಿತ್ತ್," ಎನ್ನುತ್ತಿದ್ದರು.

ಮೊದಲ ವರ್ಷದ ಹೊಸ್ತಿನ ದಿನ ನನಗೆ ಅದು ಸರಿಯಾಗಿ ನಾಟಿತು. ನಮ್ಮ ಕಡೆ ಹೊಸ್ತು ಅಂದರೆ ಗದ್ದೆಯಿಂದ ಹೊಸ ಕದಿರು ತಂದು, ಮಾವಿನೆಲೆ ಹಲಸಿನೆಲೆಯಲ್ಲಿ ಸುತ್ತಿ, ಮನೆಗೆ ಅನ್ನ ಕೊಡುವ ಎಲ್ಲದಕ್ಕೂ ಕಟ್ಟುವುದು. ಅತ್ತೆ ಬಾಗಿಲಿಗೆ ಕಟ್ಟಿದರು, ಬಾವಿಯ ರಾಟೆಗೆ ಕಟ್ಟಿದರು, ಕಡೆಯುವ ಕಲ್ಲಿಗೆ, ಅಕ್ಕಿ ಡಬ್ಬಿಗೆ, ದನದ ಹಟ್ಟಿಯ ಕಂಬಕ್ಕೆ, ನನ್ನ ಗಂಡನ ಬೈಕಿಗೂ ಕಟ್ಟಿದರು. ಜಗಲಿಗೆ ಬಂದು ಕಂಪ್ಯೂಟರಿನ ಮುಂದೆ ಹಾದು ಒಳಗೆ ಹೋದರು. ಕೈಯಲ್ಲಿ ಕದಿರು ಇನ್ನೂ ಉಳಿದಿತ್ತು. ನನಗೆ ಸಿಟ್ಟು ಬಂತು, ಅಳುವೂ ಬಂತು. ಬೈಕಿಗಿಂತ ಕಡೆಯಾಯಿತೇ ನನ್ನ ಪೆಟ್ಟಿಗೆ!

ಆದರೆ ಅವರ ಲೆಕ್ಕವೂ ತಪ್ಪಾಗಿರಲಿಲ್ಲ. ಆಗ ನನಗಿದ್ದ ಗಿರಾಕಿ ಒಬ್ಬರೇ, ಬ್ರಹ್ಮಾವರದ ಕಡೆಯ ಒಂದು ಅಕ್ಕಿ ಮಿಲ್ಲಿನ ಧಣಿ. ರೈತರು ಭತ್ತದ ಮೂಟೆ ತಂದಾಗ ಕಂಪ್ಯೂಟರ್ ಆ ದಿನದ ಸರದಿಯ ನಂಬರಿನ ಚೀಟಿ ಕೊಡಬೇಕು, ಅಕ್ಕಿಯಾದ ಮೇಲೆ ಆ ಚೀಟಿ ತೋರಿಸಿ ತಮ್ಮ ಅಕ್ಕಿ ಒಯ್ಯಬೇಕು. ಇದು ನಡೆದರೆ ಇನ್ನೆರಡು ಮಿಲ್ಲಿನವರು ಕರೆಯುವವರಿದ್ದರು. ನಡೆಯದಿದ್ದರೆ ನನ್ನ ಕಂಪ್ಯೂಟರ್ ಹೂದಾನಿ ಇಡುವ ಮೇಜಾಗುವುದು ಖಂಡಿತ. ಪ್ರೋಗ್ರಾಮಿನ ಆಸೆ ಅಲ್ಲಿಗೆ ಮುಗಿಯುತ್ತಿತ್ತು.

ಹೊಸ ಭತ್ತ ಬರುವ ದಿನ ನಾನು ಬೆಳಿಗ್ಗೆಯೇ ಬಸ್ಸು ಹತ್ತಿ ಮಿಲ್ಲಿಗೆ ಹೋಗಿ ಕೂತೆ. ವರ್ಷದ ಮೊದಲ ಮೂಟೆ ತನ್ನದೇ ಆಗಬೇಕೆಂದು ಹಟ ಹಿಡಿದು ಎಲ್ಲರಿಗಿಂತ ಮುಂಚೆ ಬಂದಿದ್ದ ಒಬ್ಬ ಹಿರಿಯರಿಗೆ ಪ್ರಿಂಟರ್ ಕಿರುಚಿ ಕಿರುಚಿ ಚೀಟಿ ಕೊಟ್ಟಿತು. ನಂಬರು: ಸೊನ್ನೆ.

ನಮ್ಮ ಕಸುಬಿನಲ್ಲಿ ಎಣಿಕೆ ಶುರುವಾಗುವುದೇ ಸೊನ್ನೆಯಿಂದ. ನನ್ನ ಕಣ್ಣಿಗೆ ಅದು ಎಷ್ಟು ಸಹಜವಾಗಿತ್ತೆಂದರೆ, ಮನೆಯಲ್ಲಿ ಅಷ್ಟು ಸಲ ಪರೀಕ್ಷೆ ಮಾಡಿದಾಗಲೂ ತಪ್ಪೆಂದು ಅನಿಸಿರಲಿಲ್ಲ.

"ಹ್ವಾಯ್! ನಾನೆಂತ ಸೊನ್ನೆಯಾ?" ಹಿರಿಯರು ಚೀಟಿಯನ್ನು ಮೇಜಿನ ಮೇಲೆ ಕುಕ್ಕಿ ತಮ್ಮ ಮೂಟೆಯ ಮೇಲೆ ಕೂತುಬಿಟ್ಟರು.

ಧಣಿ ನನ್ನ ಕಡೆ ತಿರುಗಿದರು. "ಎಂತ ಮಾರ್ರೆ, ವರ್ಷದ್ ಮೊದಲ್ ಭತ್ತಕ್ಕೆ ಸೊನ್ನೆ ಕೊಡುದಾ?"

ಅದಕ್ಕೇನು, ಒಂದು ಕೂಡಿಸಿದರಾಯಿತು ಎಂದು ಅಲ್ಲೇ ಕೂಡಿಸಿದೆ. ಗಡಿಬಿಡಿಯಲ್ಲಿ ಚೀಟಿ ಕೊಡುವ ಕಡೆ ಕೂಡಿಸಿದೆನೇ ಹೊರತು ಅಕ್ಕಿ ಕೊಡುವ ಕಡೆ ಬದಲಾಯಿಸಲಿಲ್ಲ. ಅಕ್ಕಿ ಕೊಡುವ ಹೊತ್ತಿಗೆ ಪ್ರತಿಯೊಬ್ಬರಿಗೂ ಅವರ ಹಿಂದೆ ನಿಂತವರ ಅಕ್ಕಿ ಬಂತು. ಕುಚ್ಚಲಕ್ಕಿಯವರಿಗೆ ಬಿಳಿಯ ಬೆಳ್ತಿಗೆ ಅಕ್ಕಿ, ಬೆಳ್ತಿಗೆಯವರಿಗೆ ಕುಚ್ಚಲಕ್ಕಿ. ಕೊನೆಗೆ ನಿಂತವರಿಗೆ, ನೀವು ಭತ್ತವನ್ನೇ ತಂದಿಲ್ಲ ಎಂದು ಹೇಳಿತು ಕಂಪ್ಯೂಟರ್. ಅಲ್ಲಿ ಎದ್ದ ಗಲಾಟೆ ಹೇಳಿ ಸುಖವಿಲ್ಲ.

"ನಾಳೆ ಸಮ ಆಯ್ಕ್ ಮಾರ್ರೆ," ಎಂದರು ಧಣಿ. ಬೈಯಲಿಲ್ಲ, ಅದೇ ಹೆಚ್ಚು ಹೆದರಿಕೆ ತಂದದ್ದು. "ಇಲ್ದಿರೆ ನಂಗೆ ನನ್ ಹಳೇ ಕ್ರಮವೇ ಸಾಕ್."

ಸಂಜೆ ಮನೆಗೆ ಬಂದಾಗ ಅತ್ತೆ ಅಕ್ಕಿ ಡಬ್ಬಿಯ ಮುಂದೆ ಕೂತಿದ್ದರು. ಮರುದಿನ ನೆಂಟರು ಬರುವವರಿದ್ದರು, ಅಕ್ಕಿ ಅಳೆದಿಡಬೇಕಿತ್ತು. ನನ್ನ ಮುಖ ನೋಡಿ, "ಎಂತಾಯ್ತ್ ಹೆಣೆ?" ಎಂದರು.

ನಾನು ಪಕ್ಕದಲ್ಲಿ ಕುಸಿದು ಎಲ್ಲವನ್ನೂ ಹೇಳಿದೆ. ಸೊನ್ನೆ, ಹಿರಿಯರು, ಕೂಡಿಸಿದ ಒಂದು, ಅದಲುಬದಲಾದ ಅಕ್ಕಿ. "ಒಂದ್ ಕಡೆ ಸಮ ಮಾಡೀರೆ ಇನ್ನೊಂದ್ ಕಡೆ ಹಾಳಾತಿತ್ತ್ ಅತ್ತೆ. ಸೊನ್ನೆ ಬಿಟ್ರೆ ಕಂಪ್ಯೂಟರಿಗ್ ಆತಿಲ್ಲೆ, ಸೊನ್ನೆ ಕೊಟ್ರೆ ಜನಕ್ಕ್ ಆತಿಲ್ಲೆ."

"ಹ್ಞಂ," ಎಂದು ಅತ್ತೆ ಸೇರು ತುಂಬಿ ಸುರಿದರು. "ಲಾಭ." ಮತ್ತೆ ತುಂಬಿದರು. "ಎರಡ್." ಮತ್ತೆ ತುಂಬಿದರು. "ಮೂರ್. ಮತ್ತೆ?"

ಅಕ್ಕಿ ಅಳೆಯುವಾಗ ನಮ್ಮಲ್ಲಿ ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಹುಟ್ಟಿದಾಗಿನಿಂದ ಕೇಳಿದ್ದೇನೆ. ಆ ದಿನ ಮಾತ್ರ ತಟ್ಟನೆ ಎದ್ದು ನಿಂತೆ. ಸೊನ್ನೆಯನ್ನು ಯಾಕೆ ತೆಗೆಯಬೇಕು? ಒಳಗೆ ಸೊನ್ನೆಯಾಗಿಯೇ ಇರಲಿ. ಚೀಟಿಯ ಮೇಲೆ ಮಾತ್ರ ಅದಕ್ಕೆ ಬೇರೆ ಹೆಸರಿಟ್ಟರಾಯಿತು!

"ಅತ್ತೆ!" ಎಂದು ಅವರನ್ನು ತಬ್ಬಿಕೊಂಡೆ. ಸೇರು ಮಗುಚಿತು.

"ಹುಚ್ಚಾ ನಿಂಗೆ? ಲೆಕ್ಕ ತಪ್ಪಿಸ್ದೆ ಕಾಣ್!" ಎಂದು ಬೈದು, ಅಕ್ಕಿಯನ್ನು ಡಬ್ಬಿಗೆ ಸುರಿದು, ಮತ್ತೆ ಲಾಭದಿಂದ ಶುರು ಮಾಡಿದರು.

ಕೂಡಿಸಿದ ಒಂದನ್ನು ಕಿತ್ತು ಹಾಕಿದೆ. ಆ ಪ್ರಿಂಟರಿನಲ್ಲಿ ಕನ್ನಡ ಮೂಡಿಸುವುದು ಆ ಕಾಲಕ್ಕೆ ದೊಡ್ಡ ಸಾಹಸ, ‘ಲಾಭ’ ಎಂಬ ಎರಡಕ್ಷರವನ್ನು ಚುಕ್ಕಿ ಚುಕ್ಕಿಯಾಗಿ ರಂಗೋಲಿ ಹಾಕಿದ ಹಾಗೆ ಬಿಡಿಸಿದೆ. ಬೆಳಿಗ್ಗೆ ಹಿರಿಯರು ಇನ್ನೊಂದು ಮೂಟೆಯೊಂದಿಗೆ ಮತ್ತೆ ಮೊದಲಿಗರಾಗಿ ಬಂದಿದ್ದರು. ಚೀಟಿ ನೋಡಿ, ಕಣ್ಣಿಗೊತ್ತಿಕೊಂಡು, ಜೋಪಾನವಾಗಿ ಜೇಬಿಗಿಟ್ಟುಕೊಂಡರು. ಎರಡನೆಯವರಿಗೆ ಒಂದನೇ ನಂಬರು ಬಂತು, ತಾನೇ ಮೊದಲಾದೆ ಎಂದು ಅವರಿಗೂ ಖುಷಿ. ಲಾಭದ ಚೀಟಿ ಬಂದಾಗ ಸೊನ್ನೆ ಒತ್ತಿ ಎಂದು ಗುಮಾಸ್ತರಿಗೆ ಗುಟ್ಟಾಗಿ ಹೇಳಿಟ್ಟೆ. ಸಂಜೆ ಎಲ್ಲರ ಅಕ್ಕಿ ಅವರವರ ಮನೆಗೆ ಹೋಯಿತು. ಇನ್ನೆರಡು ಮಿಲ್ಲಿನ ಕೆಲಸವೂ ಬಂತು. ಅತ್ತೆಗೆ ಹೇಳಿದರೆ, "ಲಾಭ ಆದ್ಮೇಲೆ ಎರಡ್ ಅಲ್ದಾ? ಒಂದ್ ಎಲ್ಲಿಂದ ಬಂತ್?" ಎಂದು ನನ್ನ ಪ್ರೋಗ್ರಾಮಿನಲ್ಲಿ ಇನ್ನೊಂದು ತಪ್ಪು ಹಿಡಿದರು.

ಮುಂದಿನ ವರ್ಷದ ಹೊಸ್ತಿನ ದಿನ ನಾನು ಆ ಮಿಲ್ಲಿನ ಪ್ರೋಗ್ರಾಮನ್ನೇ ತೆರೆದಿಟ್ಟು ನೀರು ಸೇದಲು ಹೋಗಿದ್ದೆ. ಕೊಡ ಹಿಡಿದು ಬಂದರೆ ಅತ್ತೆ ಜಗಲಿಯ ಮೂಲೆಯಲ್ಲಿ ಬಗ್ಗಿ ನಿಂತಿದ್ದಾರೆ. ಕದಿರು ಕಟ್ಟಲು ಕಂಪ್ಯೂಟರಿನಲ್ಲಿ ಜಾಗ ಹುಡುಕುತ್ತಿದ್ದರು. ಕೀಬೋರ್ಡಿನ ಮೇಲೆ ಅಂಗೈಯೂರಿಕೊಂಡು, ಮಾನಿಟರಿನ ಹಿಂದಿನ ವಯರಿಗೆ ಗಂಟು ಹಾಕುತ್ತಿದ್ದರು.

"ಎಂತಕ್ಕೆ ಅತ್ತೆ ಅದಕ್ಕೆ?" ಎಂದೆ.

"ಉಂಬುಕೆ ಕೊಡುದಕ್ಕೆಲ್ಲ ಕಟ್ಕಲೆ," ಎಂದರು. ತಿರುಗಿಯೂ ನೋಡದೆ ಹಟ್ಟಿಯ ಕಡೆ ಹೋದರು.

ಪರದೆಯ ಮೇಲೆ, ನನ್ನ ಪ್ರೋಗ್ರಾಮಿನ ನಡುವೆ, ಅವರ ಅಂಗೈ ಒತ್ತಿದ ಅಕ್ಷರಗಳು ಉದ್ದಕ್ಕೆ ಓಡಿ ನಿಂತಿದ್ದವು. ಎಡಗೈಯ ಬೆರಳುಗಳು ಅಭ್ಯಾಸಬಲದಿಂದ ತಪ್ಪು ವಾಪಸು ತೆಗೆಯುವ ಆ ಎರಡು ಕೀಗಳ ಮೇಲೆ ಹೋದವು. ಒತ್ತಲಿಲ್ಲ. ಮನುಷ್ಯರು ಮಾತ್ರ ಓದಲಿ, ಯಂತ್ರ ದಾಟಿ ಹೋಗಲಿ ಎಂದು ಸಾಲಿನ ಮುಂದೆ ಎರಡು ಓರೆಗೆರೆ ಹಾಕುವ ಕ್ರಮ ನಮ್ಮಲ್ಲಿದೆ. ಅವನ್ನು ಹಾಕಿ, ಆ ಸಾಲನ್ನು ಹಾಗೇ ಬಿಟ್ಟೆ. ಆಮೇಲೆ ಬಂದ ಮಿಲ್ಲುಗಳ ಪ್ರೋಗ್ರಾಮುಗಳನ್ನೆಲ್ಲ ಅದರಿಂದಲೇ ನಕಲು ಮಾಡಿದ್ದು, ಎಲ್ಲದರಲ್ಲೂ ಅತ್ತೆಯ ಆ ಸಾಲು ಇದೆ.